ಕಾಡು ಶೇಂಗಾ ಸಂಕರ ಗಿಡ ಕಾಯಿ ಕಟ್ಟದಿದ್ದಾಗ: ವರ್ಣತಂತುಗಳ ಮಟ್ಟದಲ್ಲಿ ದೋಷ ಹುಡುಕುವ ಕೈಪಿಡಿ

ಬೇಸಾಯದ ಶೇಂಗಾ ಹೂವಿಗೆ ಕಾಡು ಶೇಂಗಾದ ಪರಾಗ ಹಾಕಿ ಪಡೆದ ಸಂಕರ ಗಿಡವು ಸೊಂಪಾಗಿ ಹಬ್ಬಿ, ತಿಂಗಳುಗಟ್ಟಲೆ ಹೂ ಬಿಟ್ಟು, ಕಿತ್ತು ನೋಡಿದಾಗ ಒಂದು ಕಾಯಿಯನ್ನೂ ಕೊಡದಿರುವುದು ಈ ಕೆಲಸಕ್ಕೆ ಕೈಹಾಕಿದ ಬಹುತೇಕ ಎಲ್ಲರೂ ಎದುರಿಸುವ ಸಮಸ್ಯೆ. ಇಂಥ ಗಿಡವನ್ನು 'ಬಂಜೆ' ಎಂದು ನೋಂದಣಿ ಪುಸ್ತಕದಲ್ಲಿ ಬರೆದು ಕೈಬಿಡುವವರಿದ್ದಾರೆ. ಏನನ್ನೂ ಪರೀಕ್ಷಿಸದೆ ನೇರವಾಗಿ, ವರ್ಣತಂತುಗಳನ್ನು ಇಮ್ಮಡಿಗೊಳಿಸುವ ರಾಸಾಯನಿಕವಾದ ಕಾಲ್ಚಿಸಿನ್ ಹಚ್ಚುವವರೂ ಇದ್ದಾರೆ. ಎರಡೂ ಅವಸರದ ತೀರ್ಮಾನಗಳು. ಬಂಜೆತನವೆಂಬುದು ಹೊರಗೆ ಕಾಣುವ ಲಕ್ಷಣದ ಹೆಸರೇ ಹೊರತು ದೋಷದ ಹೆಸರಲ್ಲ. ದೋಷವು ವರ್ಣತಂತುಗಳು ಜೋಡಿಯಾಗುವಲ್ಲಿ ಇರಬಹುದು, ಭ್ರೂಣ ಬೆಳೆಯುವಲ್ಲಿ ಇರಬಹುದು, ವಂಶವಾಹಿಗಳ ಹೊಂದಾಣಿಕೆಯಲ್ಲಿ ಇರಬಹುದು. ಗಿಡವೇ ನಾವಂದುಕೊಂಡ ಸಂಕರವಲ್ಲದಿರಲೂಬಹುದು. ಒಂದಕ್ಕೆ ಮದ್ದಾಗುವುದು ಇನ್ನೊಂದಕ್ಕೆ ಆಗುವುದಿಲ್ಲವಾದ್ದರಿಂದ, ದೋಷ ಯಾವ ಹಂತದಲ್ಲಿದೆಯೆಂದು ಗುರುತಿಸುವುದೇ ಇಲ್ಲಿ ಮುಖ್ಯ ಕೆಲಸ.

ಸರಿಯಾದ ಲೆಕ್ಕ ಯಾವುದು

ದೋಷ ಹುಡುಕುವ ಮುನ್ನ ಯಾವ ಗಿಡದಲ್ಲಿ ಎಷ್ಟು ವರ್ಣತಂತುಗಳಿರಬೇಕು ಎಂಬುದು ಸ್ಪಷ್ಟವಿರಬೇಕು. ಬೇಸಾಯದ ಶೇಂಗಾ, ಅಂದರೆ ಅರಾಕಿಸ್ ಹೈಪೋಜಿಯಾ, 40 ವರ್ಣತಂತುಗಳ ಚತುರ್ಗುಣಿತ ಬೆಳೆ, ಅಂದರೆ ಹತ್ತು ಹತ್ತರ ನಾಲ್ಕು ಗುಂಪುಗಳುಳ್ಳದ್ದು. ಅದರಲ್ಲಿ 20 ವರ್ಣತಂತುಗಳು 'ಎ' ಜೀನೋಮಿಗೂ (ಒಂದು ಮೂಲ ಪ್ರಭೇದದಿಂದ ಬಂದ ವರ್ಣತಂತುಗಳ ಗುಂಪಿಗೂ) 20 'ಬಿ' ಜೀನೋಮಿಗೂ ಸೇರಿದವು. ಬರವಣಿಗೆಯಲ್ಲಿ ಇದನ್ನು ಎಎಬಿಬಿ ಎಂದು ಸೂಚಿಸುತ್ತಾರೆ. ದಕ್ಷಿಣ ಅಮೆರಿಕದಲ್ಲಿ ಅರಾಕಿಸ್ ಡ್ಯುರಾನೆನ್ಸಿಸ್ ಮತ್ತು ಅರಾಕಿಸ್ ಇಪಾಯೆನ್ಸಿಸ್ ಎಂಬ ಎರಡು ಕಾಡು ಪ್ರಭೇದಗಳು ಬೆರೆತು, ವರ್ಣತಂತುಗಳು ಇಮ್ಮಡಿಯಾಗಿ ಈ ಬೆಳೆ ಹುಟ್ಟಿತು. ಈ ಎರಡು ಮೂಲ ಪ್ರಭೇದಗಳ ಜೀನೋಮ್ ವಿವರ 2016ರಲ್ಲೂ ಬೇಸಾಯದ ಶೇಂಗಾದ್ದು 2019ರಲ್ಲೂ ಪ್ರಕಟವಾದವು. ಸಂಕರಣಕ್ಕೆ ಬಳಸುವ ಬಹುಪಾಲು ಕಾಡು ಪ್ರಭೇದಗಳಲ್ಲಿ 20 ವರ್ಣತಂತುಗಳಷ್ಟೇ ಇವೆ. ತುಕ್ಕು ರೋಗ ಮತ್ತು ತಡವಾಗಿ ಬರುವ ಟಿಕ್ಕಾ ಎಲೆಚುಕ್ಕೆ ರೋಗಕ್ಕೆ ನಿರೋಧಕತೆ ಕೊಟ್ಟಿರುವ ಅರಾಕಿಸ್ ಕಾರ್ಡೆನಾಸಿ 'ಎ' ಜೀನೋಮಿನ ಪ್ರಭೇದ. ಅರಾಕಿಸ್ ಬ್ಯಾಟಿಜೋಕಾಯ್ ಪ್ರಭೇದವನ್ನು ಹಿಂದೆ 'ಬಿ' ಎಂದು ಪರಿಗಣಿಸುತ್ತಿದ್ದರು, ಈಗ 'ಕೆ' ಜೀನೋಮಿಗೆ ಸೇರಿಸಿದ್ದಾರೆ. ಹಳೆಯ ಬರಹಗಳನ್ನು ಓದುವಾಗ ಈ ಬದಲಾವಣೆ ನೆನಪಿರದಿದ್ದರೆ ಜೋಡಿಯಾಗುವಿಕೆಯ ನಿರೀಕ್ಷೆಯೇ ತಪ್ಪುತ್ತದೆ.

ಹೀಗಾಗಿ ಬೇಸಾಯದ ಶೇಂಗಾದಿಂದ ಬರುವ 20 ಮತ್ತು ಕಾರ್ಡೆನಾಸಿಯಿಂದ ಬರುವ 10 ಸೇರಿ ಮೊದಲ ಪೀಳಿಗೆಯ ಸಂಕರದಲ್ಲಿ 30 ವರ್ಣತಂತುಗಳಿರಬೇಕು. ಅದರ ಸೂತ್ರ ಎಎಬಿ. ಅದನ್ನು ಇಮ್ಮಡಿಗೊಳಿಸಿದರೆ 60, ಅರವತ್ತರ ಗಿಡವನ್ನು ಮತ್ತೆ ಬೇಸಾಯದ ತಳಿಗೆ ಮರುಸಂಕರಿಸಿದರೆ 50, ಮುಂದಿನ ಪೀಳಿಗೆಗಳಲ್ಲಿ 50ರಿಂದ ಇಳಿಯುತ್ತ ಕೊನೆಗೆ 40. ಗಿಡದ ಗುರುತುಚೀಟಿಯ ಮೇಲೆ ಪೋಷಕ ತಳಿಗಳ ಹೆಸರಿನ ಜೊತೆಗೆ ಈ ಸಂಖ್ಯೆಯೂ ಇರಬೇಕು, ಅದೂ ನಿರೀಕ್ಷಿತ ಸಂಖ್ಯೆ ಬೇರೆ, ಎಣಿಸಿ ಕಂಡ ಸಂಖ್ಯೆ ಬೇರೆ ಎಂದು ಎರಡು ಸಾಲಿನಲ್ಲಿ.

ಗಿಡ ಕಾಯಿ ಕಟ್ಟಿದೆ, ಆದರೆ ಅನುಮಾನಾಸ್ಪದವಾಗಿ ಚೆನ್ನಾಗಿ ಕಟ್ಟಿದೆ

ಮೊದಲ ಪೀಳಿಗೆಯ ತ್ರಿಗುಣಿತ (ಮೂರು ಗುಂಪು ವರ್ಣತಂತುಗಳ, ಅಂದರೆ ಎಎಬಿ) ಗಿಡವು ಎಲ್ಲ ಶೇಂಗಾ ಗಿಡಗಳಂತೆ ಕಾಯಿ ತುಂಬಿಕೊಂಡಿದ್ದರೆ ಅದು ಸಂತೋಷದ ಸುದ್ದಿಯಲ್ಲ, ಎಚ್ಚರಿಕೆ. ಶೇಂಗಾ ಸ್ವಕೀಯ ಪರಾಗಸ್ಪರ್ಶದ ಬೆಳೆ. ಸಂಜೆ ಮೊಗ್ಗಿನಿಂದ ಪರಾಗಕೋಶಗಳನ್ನು ಕಿತ್ತು ಮರುದಿನ ಬೆಳಗ್ಗೆ ಕಾಡು ಪರಾಗ ಹಾಕುವಾಗ ಒಂದೇ ಒಂದು ಪರಾಗಕೋಶ ಉಳಿದರೂ, ಹುಟ್ಟುವ ಬೀಜ ತಾಯಿ ಗಿಡದ ಸ್ವಂತ ಬೀಜವಾಗಿರುತ್ತದೆ. ಶೇಂಗಾ ಹೂವಿನಲ್ಲಿ ಸಾಮಾನ್ಯವಾಗಿ ಹತ್ತು ಕೇಸರ ದಂಡಗಳಿದ್ದು ಎಂಟರಲ್ಲಿ ಮಾತ್ರ ಪರಾಗಕೋಶವಿರುತ್ತದೆ: ನಾಲ್ಕು ಉದ್ದನೆಯವು, ನಾಲ್ಕು ಪುಟ್ಟ ದುಂಡನೆಯವು. ಕಣ್ತಪ್ಪಿ ಉಳಿಯುವುದು ಹೆಚ್ಚಾಗಿ ಈ ದುಂಡನೆಯವೇ. ಆದ್ದರಿಂದ ಚಿಮುಟ ಇಡುವ ಮುನ್ನ ಎಂಟನ್ನೂ ಎಣಿಸಿಕೊಳ್ಳಬೇಕು.

ಹೊರನೋಟದಿಂದ ಸಂಕರವನ್ನು ಗುರುತಿಸಲು ಕಾಡು ಪೋಷಕದ ಲಕ್ಷಣಗಳನ್ನು ನೋಡಬೇಕು: ನೆಲಕ್ಕೆ ಹಬ್ಬುವ ಸಣ್ಣ ಕೊಂಬೆಗಳು, ಕಿರಿದಾದ ಎಲೆಗಳು, ಮತ್ತು ಅಪರೂಪಕ್ಕೆ ಕಾಯಿ ಕಟ್ಟಿದರೆ ಎರಡು ಒಂಟಿ ಬೀಜದ ಕಾಯಿಗಳ ನಡುವೆ ದಾರದಂಥ ಉದ್ದನೆಯ ಸೊಂಟ. ಆದರೆ ಹೊರನೋಟವನ್ನೇ ನಂಬಿ ಮುಂದುವರಿಯಬಾರದು. ಬೇರುತುದಿಯಲ್ಲಿ ವರ್ಣತಂತು ಎಣಿಸಿದರೆ 30 ಮತ್ತು 40ರ ವ್ಯತ್ಯಾಸ ನಿಸ್ಸಂದೇಹವಾಗಿ ತಿಳಿಯುತ್ತದೆ. ಬೆಳಗಿನ ಹೊತ್ತು ಕತ್ತರಿಸಿದ ಎಳೆ ಬೇರುತುದಿಗಳನ್ನು 8-ಹೈಡ್ರಾಕ್ಸಿಕ್ವಿನೋಲಿನ್ ದ್ರಾವಣದಲ್ಲಿ ಕೆಲವು ಗಂಟೆ ಇಟ್ಟು, ಮೂರು ಪಾಲು ಆಲ್ಕೊಹಾಲ್ ಮತ್ತು ಒಂದು ಪಾಲು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ಸ್ಥಿರಗೊಳಿಸಿ, ಬೆಚ್ಚಗಿನ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೆದುಗೊಳಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಒತ್ತಿ ನೋಡುವ ಹಳೆಯ ವಿಧಾನವೇ ಇದಕ್ಕೆ ಸಾಕು. ಶೇಂಗಾ ವರ್ಣತಂತುಗಳು ಚಿಕ್ಕವು ಮತ್ತು ಒಂದನ್ನೊಂದು ಹೋಲುತ್ತವೆ. 'ಎ' ಜೀನೋಮಿನಲ್ಲಿರುವ, ಉಳಿದವಕ್ಕಿಂತ ಎದ್ದು ಕಾಣುವಷ್ಟು ಕುಳ್ಳಗಿನ ಜೋಡಿಯು ಹೆಗ್ಗುರುತಾಗಿ ನೆರವಾಗುತ್ತದೆ. ಒಂದೇ ಜೀವಕೋಶ ನೋಡಿ ಸಂಖ್ಯೆ ಬರೆಯಬಾರದು; ವರ್ಣತಂತುಗಳು ಚೆನ್ನಾಗಿ ಹರಡಿಕೊಂಡ ಹಲವು ಜೀವಕೋಶಗಳಲ್ಲಿ ಒಂದೇ ಸಂಖ್ಯೆ ಸಿಕ್ಕರಷ್ಟೇ ಅದು ಗಿಡದ ಸಂಖ್ಯೆ.

ಸೂಜಿ ಇಳಿಯುತ್ತದೆ, ಕಾಯಿ ಮಾತ್ರ ಇಲ್ಲ

ಶೇಂಗಾದಲ್ಲಿ ಗರ್ಭಕಟ್ಟಿದ ಮೇಲೆ ಅಂಡಾಶಯದ ಬುಡ ನೀಳವಾಗಿ ಬೆಳೆದು, ಸೂಜಿಯಂಥ ತುದಿಯನ್ನು ಮಣ್ಣಿಗಿಳಿಸುತ್ತದೆ. ದೋಷ ಹುಡುಕುವವರಿಗೆ ಇದು ಬೇರೆ ಬೆಳೆಗಳಲ್ಲಿ ಸಿಗದ ಅನುಕೂಲ, ಏಕೆಂದರೆ ಗರ್ಭಕಟ್ಟುವಿಕೆ ಆಯಿತೇ ಇಲ್ಲವೇ ಎಂಬುದು ಬರಿಗಣ್ಣಿಗೇ ಕಾಣುತ್ತದೆ. ಹೂಗಳು ಒಣಗಿ ಉದುರಿ ಸೂಜಿಯೇ ಹೊರಡದಿದ್ದರೆ ದೋಷ ಪರಾಗ ಅಥವಾ ಅಂಡದ ಹಂತದಲ್ಲಿದೆ. ಸೂಜಿ ಹೊರಟು ನಡುವೆಯೇ ನಿಂತರೆ, ಅಥವಾ ಮಣ್ಣು ಸೇರಿದರೂ ತುದಿ ಉಬ್ಬದಿದ್ದರೆ, ಗರ್ಭ ಕಟ್ಟಿದೆ ಆದರೆ ಭ್ರೂಣ ಬೆಳೆದಿಲ್ಲ ಎಂದರ್ಥ.

ಎರಡನೆಯ ಸ್ಥಿತಿ ಹೆಚ್ಚಾಗಿ ದೂರದ ನಂಟಿನ ಸಂಕರಣಗಳಲ್ಲಿ, ಉದಾಹರಣೆಗೆ ನೆಲದಡಿಯ ಕಾಂಡಗಳಿಂದ ಹಬ್ಬುವ ಅರಾಕಿಸ್ ಗ್ಲಾಬ್ರಾಟಾ ಜೊತೆಗಿನ ಪ್ರಯತ್ನಗಳಲ್ಲಿ, ಮತ್ತು ಮುಂದೆ ಹೇಳುವ ಐವತ್ತರ ಗಿಡಗಳಲ್ಲಿ ಕಾಣುತ್ತದೆ. ಇಲ್ಲಿ ಕಾಲ್ಚಿಸಿನ್ನಿನಿಂದ ಪ್ರಯೋಜನವಿಲ್ಲ. ಪರಾಗ ಹಾಕಿದ ಹೂವಿನ ಬುಡಕ್ಕೆ ಜಿಬ್ಬರೆಲಿಕ್ ಆಮ್ಲ ಎಂಬ ಸಸ್ಯ ಹಾರ್ಮೋನಿನ ದ್ರಾವಣ ಹಚ್ಚಿ ಸೂಜಿಯ ಬೆಳವಣಿಗೆಯನ್ನು ಉಳಿಸಿಕೊಳ್ಳುವುದು, ಭ್ರೂಣ ಸಾಯುವ ಮುನ್ನವೇ ಎಳೆ ಕಾಯಿಯಿಂದ ತೆಗೆದು ಗಾಜಿನ ನಳಿಕೆಯಲ್ಲಿ ಬೆಳೆಸುವುದು ಇದಕ್ಕಿರುವ ದಾರಿಗಳು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ ಈ ಎರಡೂ ವಿಧಾನಗಳ ಮೇಲೆ ಬಹಳ ಕೆಲಸ ನಡೆದಿದೆ.

ಹೂವಿದೆ, ಪರಾಗ ಸೊರಗಿದೆ

ಸೂಜಿಯೇ ಹೊರಡದ ಗಿಡದಲ್ಲಿ ಮೊದಲು ಪರಾಗ ನೋಡಬೇಕು. ಬೆಳಗ್ಗೆ ಅರಳಿದ ಹೂವಿನ ಪರಾಗವನ್ನು ಅಸಿಟೋಕಾರ್ಮೈನ್ ಹನಿಯಲ್ಲಿ ಹರಡಿ ಸೂಕ್ಷ್ಮದರ್ಶಕದಡಿ ಇಟ್ಟರೆ ತುಂಬಿದ ಕಣಗಳು ಕೆಂಪಾಗಿ ದುಂಡಗೆ, ಜೊಳ್ಳು ಕಣಗಳು ಬಣ್ಣವಿಲ್ಲದೆ ಸುಕ್ಕಾಗಿ ಕಾಣುತ್ತವೆ. ಎಣಿಸುವಾಗ ಕಣಗಳ ಗಾತ್ರವನ್ನೂ ಗಮನಿಸಬೇಕು. ಬಹುಪಾಲು ಜೊಳ್ಳಾಗಿದ್ದು ನಡುನಡುವೆ ಅಸಾಮಾನ್ಯವಾಗಿ ದೊಡ್ಡದಾದ ಕೆಂಪು ಕಣಗಳಿದ್ದರೆ, ಆ ಕಣಗಳು ವರ್ಣತಂತು ಸಂಖ್ಯೆ ಅರ್ಧಕ್ಕಿಳಿಯದೆಯೇ ಉಂಟಾದವು ಇರಬಹುದು. ಅವುಗಳ ಮಹತ್ವ ಮುಂದೆ ತಿಳಿಯುತ್ತದೆ. ಬಣ್ಣ ಹಿಡಿದ ಕಣವೆಲ್ಲ ಗರ್ಭಕಟ್ಟಿಸುತ್ತದೆ ಎಂಬ ಖಾತರಿಯಿಲ್ಲ, ಹಾಗಾಗಿ ಈ ಪರೀಕ್ಷೆ ದೋಷದ ಇರವನ್ನು ಹೇಳುತ್ತದೆಯೇ ಹೊರತು ಅದರ ಕಾರಣವನ್ನಲ್ಲ.

ಕಾರಣ ತಿಳಿಯಲು ಸಣ್ಣ ಮೊಗ್ಗುಗಳ ಪರಾಗಕೋಶವನ್ನು ಒಡೆದು, ಪರಾಗ ಮಾತೃಕೋಶಗಳಲ್ಲಿ ನಡೆಯುವ ಮಿಯಾಸಿಸ್ ವಿಭಜನೆಯನ್ನು, ಅಂದರೆ ವರ್ಣತಂತುಗಳು ಜೋಡಿಯಾಗಿ ಸಂಖ್ಯೆ ಅರ್ಧಕ್ಕಿಳಿಯುವ ವಿಭಜನೆಯನ್ನು, ಕಣ್ಣಾರೆ ನೋಡಲೇಬೇಕು. ಈ ಹೆಜ್ಜೆಯನ್ನು ಬಿಟ್ಟುಬಿಡುವ ಚಾಳಿ ಹೆಚ್ಚುತ್ತಿರುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಡಿಎನ್‌ಎ ಗುರುತುಗಳು ವರ್ಣತಂತುವಿನ ಯಾವ ತುಂಡು ಇದೆ ಎಂದು ಹೇಳುತ್ತವೆ. ಆ ತುಂಡನ್ನು ಹೊತ್ತ ವರ್ಣತಂತು ಸಂಗಾತಿಯನ್ನು ಪಡೆಯಿತೇ, ಧ್ರುವ ತಲುಪಿತೇ ಎಂಬುದನ್ನು ಹೇಳುವುದು ಮೊಗ್ಗು ಮಾತ್ರ.

ಎಎಬಿ ತ್ರಿಗುಣಿತದಲ್ಲಿ ನೋಡಸಿಗುವ ಚಿತ್ರ ಹೀಗಿರುತ್ತದೆ. ಬೇಸಾಯದ ಶೇಂಗಾದ ಹತ್ತು 'ಎ' ವರ್ಣತಂತುಗಳು ಕಾಡು ಪ್ರಭೇದದ ಹತ್ತು 'ಎ' ವರ್ಣತಂತುಗಳೊಡನೆ ಜೋಡಿಯಾಗುತ್ತವೆ. 'ಬಿ' ಗುಂಪಿನ ಹತ್ತಕ್ಕೂ ಸಂಗಾತಿ ಇಲ್ಲ. ಅಂದರೆ ಹೆಚ್ಚಿನ ಕೋಶಗಳಲ್ಲಿ ಸುಮಾರು 10 ಜೋಡಿ ಮತ್ತು 10 ಒಂಟಿ. ಕೆಲವು ಕೋಶಗಳಲ್ಲಿ 'ಬಿ'ಯದೊಂದು ಹತ್ತಿರದ ನಂಟಿನ 'ಎ' ಜೋಡಿಗೆ ಅಂಟಿಕೊಂಡು ಮೂರರ ಕೂಟವಾಗುವುದೂ ಉಂಟು. ಜೋಡಿಗಳು ಕೋಶದ ನಡುಗೆರೆಯಲ್ಲಿ ಸಾಲಾಗಿ ನಿಂತರೆ ಒಂಟಿಗಳು ಅಲ್ಲಲ್ಲಿ ಚೆದುರಿರುತ್ತವೆ. ಎಳೆತ ಶುರುವಾದಾಗ ಒಂಟಿಗಳಲ್ಲಿ ಕೆಲವು ಯಾವುದೋ ಒಂದು ಧ್ರುವಕ್ಕೆ ಸೇರುತ್ತವೆ, ಕೆಲವು ನಡುವೆಯೇ ಹಿಂದುಳಿದು ಪುಟ್ಟ ಕೋಶಕೇಂದ್ರಗಳಾಗಿ ಕಳೆದುಹೋಗುತ್ತವೆ. ನಾಲ್ಕು ಸಮ ಕಣಗಳ ಗುಂಪಿನ ಬದಲು ಐದಾರು ಅಸಮ ಕಣಗಳ ಗುಂಪು ಕಂಡರೆ ಅದು ಇದೇ ದೋಷದ ಮುಂದಿನ ರೂಪ.

ಇದರಿಂದ ಬೀಜವೇಕೆ ಇಲ್ಲವಾಗುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಒಂಟಿಯೊಂದೂ ಕಳೆದುಹೋಗದೆ, ಪ್ರತಿಯೊಂದೂ ಎರಡು ಧ್ರುವಗಳಲ್ಲಿ ಒಂದನ್ನು ಸ್ವತಂತ್ರವಾಗಿ ಸೇರುತ್ತದೆ ಎಂದಿಟ್ಟುಕೊಳ್ಳೋಣ. ಹತ್ತೂ 'ಬಿ' ವರ್ಣತಂತುಗಳಿರುವ ಪೂರ್ಣ ಎಬಿ ಕಣ ಸಿಗುವ ಸಾಧ್ಯತೆ 1,024ರಲ್ಲಿ ಒಂದು. 'ಬಿ' ಒಂದೂ ಇಲ್ಲದ ಶುದ್ಧ 'ಎ' ಕಣದ ಸಾಧ್ಯತೆಯೂ ಅಷ್ಟೇ. ಎಲ್ಲಕ್ಕಿಂತ ಹೆಚ್ಚು ಸಿಗುವುದು ಐದು 'ಬಿ' ಹೊತ್ತ 15 ವರ್ಣತಂತುಗಳ ಕಣ, ಸರಿಸುಮಾರು ನಾಲ್ಕಕ್ಕೆ ಒಂದು. ಅದು ಅತ್ತ ಕಾಡಿನದೂ ಅಲ್ಲ, ಇತ್ತ ಬೇಸಾಯದ್ದೂ ಅಲ್ಲ. ಹಲವು ವಂಶವಾಹಿಗಳ ಪ್ರಮಾಣ ಏರುಪೇರಾಗಿ ಬಹುತೇಕ ಸಾಯುತ್ತದೆ. ಒಂಟಿಗಳು ಕಳೆದುಹೋಗುವುದರಿಂದ ನಿಜದ ಸ್ಥಿತಿ ಈ ಲೆಕ್ಕಕ್ಕಿಂತಲೂ ಕೆಟ್ಟದ್ದು.

ಸಾಸಿವೆ ಕುಲದಲ್ಲಿ ಕೆಲಸ ಮಾಡಿದವರು ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. 1935ರಲ್ಲಿ ಸಸ್ಯವಿಜ್ಞಾನಿ ಉ ನಾಗಹಾರು ಪ್ರಭೇದಗಳ ನಂಟನ್ನು ತ್ರಿಕೋನದ ರೂಪದಲ್ಲಿ ತೋರಿಸಿಕೊಟ್ಟ ಆ ಕುಲದಲ್ಲಿ ಬ್ರಾಸಿಕಾ ನೇಪಸ್ (38, ಎಎಸಿಸಿ) ಮತ್ತು ಬ್ರಾಸಿಕಾ ರಾಪಾ (20, ಎಎ) ಸಂಕರವು 29 ವರ್ಣತಂತುಗಳ ಎಎಸಿ ತ್ರಿಗುಣಿತ. ಅಲ್ಲೂ 10 ಜೋಡಿ ಮತ್ತು 9 ಒಂಟಿ. ಆದರೂ ಅದು ಭಾಗಶಃ ಬೀಜ ಕಟ್ಟುತ್ತದೆ, ಇಮ್ಮಡಿಗೊಳಿಸದೆಯೇ ನೇರ ಮರುಸಂಕರಣದಿಂದ ಮುಂದಿನ ಪೀಳಿಗೆ ಪಡೆಯಬಹುದು. ಆ ಅನುಭವವನ್ನು ಶೇಂಗಾಕ್ಕೆ ಹಾಗೆಯೇ ತಂದು, ತ್ರಿಗುಣಿತದ ಮೇಲೆ ಋತುಗಟ್ಟಲೆ ಪರಾಗ ಹಾಕುತ್ತ ಕೂರುವುದು ಶ್ರಮದ ಪೋಲು.

ಜೋಡಿ ಸರಿಯಿದ್ದೂ ಪರಾಗ ಸತ್ತಿದ್ದರೆ

ಎರಡು ಕಾಡು ಪ್ರಭೇದಗಳನ್ನು ಮೊದಲು ತಮ್ಮತಮ್ಮಲ್ಲೇ ಸಂಕರಿಸುವವರಿಗೆ ಈ ಸ್ಥಿತಿ ಎದುರಾಗುತ್ತದೆ. ಒಂದು 'ಎ' ಮತ್ತೊಂದು 'ಬಿ' ಆದರೆ ಸಂಕರದ 20 ವರ್ಣತಂತುಗಳಲ್ಲಿ ಬಹಳಷ್ಟು ಒಂಟಿಯಾಗಿಯೇ ಉಳಿದು ಗಿಡ ಪೂರ್ತಿ ಬಂಜೆಯಾಗಿರುತ್ತದೆ. ಅದನ್ನು ಇಮ್ಮಡಿಗೊಳಿಸಿದರೆ ಪ್ರತಿ ವರ್ಣತಂತುವಿಗೂ ತನ್ನದೇ ಪ್ರತಿ ಸಂಗಾತಿಯಾಗಿ ಸಿಕ್ಕು ಫಲವತ್ತತೆ ಮರಳುತ್ತದೆ. ಆದರೆ ಎರಡೂ 'ಎ' ಪ್ರಭೇದಗಳಾಗಿದ್ದು, ಮಿಯಾಸಿಸ್‌ನಲ್ಲಿ ಹತ್ತು ಚೊಕ್ಕ ಜೋಡಿಗಳು ಕಂಡು, ಆದರೂ ಪರಾಗದಲ್ಲಿ ಜೊಳ್ಳು ಹೆಚ್ಚಿದ್ದರೆ, ದೋಷ ಸಂಗಾತಿಯ ಕೊರತೆಯದಲ್ಲ. ವಂಶವಾಹಿಗಳ ಹೊಂದಾಣಿಕೆಯದ್ದು ಅಥವಾ ಸೂಕ್ಷ್ಮದರ್ಶಕಕ್ಕೆ ನಿಲುಕದಷ್ಟು ಸಣ್ಣ ರಚನಾ ವ್ಯತ್ಯಾಸಗಳದ್ದು. ಇಂಥ ಗಿಡವನ್ನು ಇಮ್ಮಡಿಗೊಳಿಸುವುದರಿಂದ ಆ ದೋಷ ನೀಗುವುದಿಲ್ಲ, ಬದಲಿಗೆ ಒಂದೇ ಬಗೆಯ ನಾಲ್ಕು ವರ್ಣತಂತುಗಳು ಕೂಟ ಕಟ್ಟಿಕೊಂಡು ಹೊಸ ತೊಡಕು ಸೇರುತ್ತದೆ. ಜೋಡಿ ಕೆಟ್ಟಿದ್ದಲ್ಲಿ ಇಮ್ಮಡಿಕೆ ಮದ್ದು, ಜೋಡಿ ಚೆನ್ನಾಗಿದ್ದಲ್ಲಿ ಅದು ಮದ್ದಲ್ಲ. ಕಾಲ್ಚಿಸಿನ್ ಬಾಟಲಿ ಮುಟ್ಟುವ ಮುನ್ನ ಮೊಗ್ಗು ನೋಡಿ ಎಂದು ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕಾಗಿಯೇ.

ಕಾಲ್ಚಿಸಿನ್ ಹಚ್ಚಿಯಾಯಿತು, ಫಲ ಮಾತ್ರ ಇಲ್ಲ

ಕಾಲ್ಚಿಸಿನ್ ನಮ್ಮ ಕಾಡಂಚಿನ ಅಗ್ನಿಶಿಖೆಯ ಗಡ್ಡೆಯಲ್ಲೂ ಇರುವ ವಿಷ. ಕೈಗವಸು ಮತ್ತು ಕನ್ನಡಕವಿಲ್ಲದೆ ಮುಟ್ಟಕೂಡದು. ಅದು ಕೋಶ ವಿಭಜನೆಯ ಎಳೆಗಳನ್ನು ಕಟ್ಟಲು ಬಿಡದೆ, ಎರಡಾಗಬೇಕಿದ್ದ ವರ್ಣತಂತುಗಳನ್ನು ಒಂದೇ ಕೋಶದಲ್ಲಿ ಉಳಿಸುತ್ತದೆ. ಸಾಮಾನ್ಯವಾಗಿ 0.2% ಆಸುಪಾಸಿನ ದ್ರಾವಣವನ್ನು ಕಡ್ಡಿತುಂಡುಗಳಿಗೆ ಅಥವಾ ಕಂಕುಳ ಮೊಗ್ಗುಗಳಿಗೆ ಬಳಸುತ್ತಾರೆ.

ಇಲ್ಲಿ ಆಗಾಗ ಆಗುವ ಗೊಂದಲವೆಂದರೆ ಫಲಿತಾಂಶವನ್ನು ತಪ್ಪು ಜಾಗದಲ್ಲಿ ಅಳೆಯುವುದು. ಕುಡಿಯ ತುದಿಯಲ್ಲಿ ಜೀವಕೋಶಗಳ ಪದರಗಳಿವೆ. ಹೊರಪದರದಿಂದ ಎಲೆಯ ಸಿಪ್ಪೆ, ಅದರೊಳಗಿನ ಎರಡನೆಯ ಪದರದಿಂದ ಪರಾಗ ಮತ್ತು ಅಂಡ ರೂಪುಗೊಳ್ಳುತ್ತವೆ. ಎಲೆಯ ಪತ್ರರಂಧ್ರ ದೊಡ್ಡದಾಗಿದೆ ಎಂದರೆ ಹೊರಪದರ ಮಾತ್ರ ಇಮ್ಮಡಿಯಾಗಿರಬಹುದು. ಬೀಜ ಬರುವ ಪದರ ಹಳೆಯ 30ರಲ್ಲೇ ಇರಬಹುದು. ಕುಡಿಗೆ ಮದ್ದು ಹಚ್ಚಿ ಹಳೆಯ ಬೇರಿನಲ್ಲಿ ವರ್ಣತಂತು ಎಣಿಸಿದರಂತೂ ಆ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಹಚ್ಚಿದ ಕುಡಿಯಿಂದ ಚಿಗುರಿದ ಪ್ರತಿ ಕೊಂಬೆಯನ್ನೂ ಪ್ರತ್ಯೇಕ ಗಿಡವೆಂದೇ ಭಾವಿಸಿ, ಕೊಂಬೆವಾರು ಪರಾಗದ ಗಾತ್ರ ಮತ್ತು ಬಣ್ಣ ನೋಡಿ, ತುಂಬಿದ ದೊಡ್ಡ ಪರಾಗವಿರುವ ಕೊಂಬೆಗೆ ದಾರ ಕಟ್ಟಿ, ಅದರ ಬೀಜವನ್ನು ಬೇರೆಯಾಗಿ ತೆಗೆಯಬೇಕು. 60 ಎಂಬುದನ್ನು ಆ ಬೀಜದ ಮೊಳಕೆಯ ಬೇರಿನಲ್ಲಿ ಖಚಿತಪಡಿಸಿಕೊಳ್ಳಬೇಕು.

ಏನೂ ಹಚ್ಚದ ತ್ರಿಗುಣಿತ ಗಿಡವೂ ಕೆಲವೊಮ್ಮೆ ತಾನಾಗಿಯೇ ಒಂದೆರಡು ಬೀಜ ಕೊಡುತ್ತದೆ. ಮೇಲೆ ಹೇಳಿದ ದೊಡ್ಡ ಪರಾಗಕಣಗಳಂತೆಯೇ ಅಂಡವೂ ಅರ್ಧಕ್ಕಿಳಿಯದೆ 30 ವರ್ಣತಂತು ಉಳಿಸಿಕೊಂಡಾಗ, ಎರಡೂ ಸೇರಿ 60ರ ಗಿಡ ಹುಟ್ಟುತ್ತದೆ. ಆದ್ದರಿಂದ ಬಂಜೆಯೆನಿಸಿದ ಗಿಡವನ್ನು ಕಿತ್ತೆಸೆಯದೆ ಕಡ್ಡಿ ನೆಟ್ಟು ಹಲವು ಪ್ರತಿಗಳಾಗಿ ಉಳಿಸಿಕೊಂಡವರಿಗೆ ಈ ಬೀಜ ಸಿಗುವ ಅವಕಾಶ ಹೆಚ್ಚು.

ಅರವತ್ತರಿಂದ ನಲವತ್ತಕ್ಕೆ ಇಳಿಯುವಾಗಿನ ತೊಡಕುಗಳು

ಎಎಎಎಬಿಬಿ ಗಿಡದಲ್ಲಿ 'ಎ' ಬಗೆಯವು ನಾಲ್ಕು ನಾಲ್ಕು. ಅವು ಜೋಡಿಗಳಾಗಿಯೂ ನಾಲ್ಕರ ಕೂಟಗಳಾಗಿಯೂ ನಿಲ್ಲುವುದರಿಂದ ಹಂಚಿಕೆ ಪ್ರತಿ ಬಾರಿಯೂ ಸಮವಾಗಿರುವುದಿಲ್ಲ, ಮತ್ತು ಗಿಡ ಪೀಳಿಗೆಯಿಂದ ಪೀಳಿಗೆಗೆ ವರ್ಣತಂತುಗಳನ್ನು ಕಳೆದುಕೊಳ್ಳುತ್ತ ಹೋಗುವುದೂ ಉಂಟು. ಇದು ದೋಷವಲ್ಲ, ನಿರೀಕ್ಷಿತ ನಡೆ. ಸ್ವಂತ ಬೀಜದಿಂದ ಮುಂದುವರಿಸಿದ ಸಾಲುಗಳಲ್ಲಿ ಕೆಲವು ತಾವಾಗಿಯೇ 40ಕ್ಕೆ ಬಂದು ನೆಲೆಗೊಳ್ಳುತ್ತವೆ.

ಮರುಸಂಕರಣದ ಐವತ್ತರ ಗಿಡ, ಅಂದರೆ ಎಎಎಬಿಬಿ, ಈ ಹಾದಿಯ ಅತಿ ಇಕ್ಕಟ್ಟಿನ ಜಾಗ. ಅದರಲ್ಲಿ ಹತ್ತು ಹೆಚ್ಚುವರಿ ವರ್ಣತಂತುಗಳು ಸಂಗಾತಿಯಿಲ್ಲದೆ ಅಥವಾ ಮೂರರ ಕೂಟದಲ್ಲಿ ಸಿಕ್ಕಿಕೊಂಡಿದ್ದು, ಕಣಗಳಲ್ಲಿ 20ರಿಂದ 30ರವರೆಗೆ ಯಾವ ಸಂಖ್ಯೆಯೂ ಬರಬಹುದು. ಇಲ್ಲಿ ಗಿಡವನ್ನು ತಾಯಿಯಾಗಿ ಬಳಸುತ್ತೀರೋ ತಂದೆಯಾಗಿ ಬಳಸುತ್ತೀರೋ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಹೆಚ್ಚುವರಿ ವರ್ಣತಂತು ಹೊತ್ತ ಅಂಡ ಬದುಕಿಕೊಳ್ಳಬಹುದು. ಅಂಥದೇ ಪರಾಗ ಮಾತ್ರ ಸರಿಯಾದ 20ರ ಪರಾಗದೊಡನೆ ಪೈಪೋಟಿಯಲ್ಲಿ ಹಿಂದುಳಿಯುತ್ತದೆ. ಕಾಡು ವರ್ಣತಂತುವನ್ನು ಇನ್ನೂ ಒಂದು ಪೀಳಿಗೆ ಉಳಿಸಿಕೊಂಡು ಅದು ಬೇಸಾಯದ 'ಎ' ಜೊತೆ ತುಂಡು ವಿನಿಮಯ ಮಾಡಿಕೊಳ್ಳಲಿ ಎಂದಿದ್ದರೆ ಸಂಕರವನ್ನು ತಾಯಿಯಾಗಿಡಿ. ಬೇಗನೆ 40 ಬೇಕಿದ್ದರೆ ತಂದೆಯಾಗಿ ಬಳಸಿ. ಬೇಗ ಬಂದ ನಲವತ್ತರಲ್ಲಿ ಕಾಡಿನ ಪಾಲು ಏನೂ ಉಳಿದಿಲ್ಲದಿರುವ ಅಪಾಯ ಹೆಚ್ಚೆಂಬುದು ನೆನಪಿರಲಿ.

ಈ ಇಳಿಜಾರೇ ಬೇಡವೆನ್ನುವವರಿಗೆ ಬೇರೆ ದಾರಿಯಿದೆ. 'ಎ' ಮತ್ತು 'ಬಿ' ಬಗೆಯ ಕಾಡು ಪ್ರಭೇದಗಳನ್ನು ಬೆರೆಸಿ, ಇಮ್ಮಡಿಗೊಳಿಸಿ, 40 ವರ್ಣತಂತುಗಳ ಕೃತಕ ಚತುರ್ಗುಣಿತವನ್ನು ಮಾಡಿ, ಅದನ್ನು ಬೇಸಾಯದ ಶೇಂಗಾಕ್ಕೆ ಸಂಕರಿಸುವುದು. ಅರಾಕಿಸ್ ಇಪಾಯೆನ್ಸಿಸ್ ಮತ್ತು ಡ್ಯುರಾನೆನ್ಸಿಸ್‌ಗಳಿಂದ ಹೀಗೆ ಮಾಡಿದ ಗಿಡದ ವಿವರ 2006ರಲ್ಲಿ ಪ್ರಕಟವಾಯಿತು. ಬೇಸಾಯದ ಶೇಂಗಾದೊಡನೆ ಅದರ ಸಂಕರಗಳು ಫಲವತ್ತಾಗಿವೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಬ್ಯಾಟಿಜೋಕಾಯ್, ಕಾರ್ಡೆನಾಸಿ ಮತ್ತು ಡಯೋಗಾಯ್ ಎಂಬ ಮೂರು ಪ್ರಭೇದ ಸೇರಿಸಿ ಮಾಡಿದ ಟಿಎಕ್ಸ್‌ಎಜಿ-6 ಇಂಥದೇ ಇನ್ನೊಂದು. ಬೇರುಗಂಟು ಜಂತುಹುಳು ನಿರೋಧಕತೆಯ 'ಕೋವನ್' ತಳಿ 1999ರಲ್ಲಿ ಬಂದದ್ದು ಅದರ ಮೂಲಕ. ಹೊಸದಾಗಿ ಮಾಡಿದ ಚತುರ್ಗುಣಿತಗಳಲ್ಲಿ 'ಎ' ಮತ್ತು 'ಬಿ' ಆಗಾಗ ತಮ್ಮೊಳಗೇ ತುಂಡು ಬದಲಿಸಿಕೊಳ್ಳುತ್ತವೆ. ಒಂದೇ ಸಾಲಿನ ಗಿಡಗಳಲ್ಲಿ ಕಿತ್ತಳೆ ಹೂವಿನ ನಡುವೆ ಹಳದಿ ಹೂವು ಕಂಡರೆ ಬೀಜ ಬೆರೆತಿದೆಯೆಂದು ಕೂಡಲೇ ತೀರ್ಮಾನಿಸಬೇಡಿ. ಈ ವಿನಿಮಯದಿಂದಲೂ ಹೂವಿನ ಬಣ್ಣ ಬದಲಾಗುತ್ತದೆ.

ನಲವತ್ತೂ ಇದೆ, ಕಾಯಿಯೂ ಇದೆ, ನಿರೋಧಕತೆ ಮಾತ್ರ ಇಲ್ಲ

ಸಂಖ್ಯೆ ಸರಿಯಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕಾಡು ವರ್ಣತಂತುಗಳು ಒಂದೂ ವಿನಿಮಯವಿಲ್ಲದೆ ಉದುರಿಹೋಗಿದ್ದರೆ ಕೈಯಲ್ಲಿ ಉಳಿಯುವುದು ಶುದ್ಧ ಬೇಸಾಯದ ಶೇಂಗಾ. ಡಿಎನ್‌ಎ ಗುರುತುಗಳು ನಿಜವಾಗಿ ಬೇಕಾಗುವುದು ಇಲ್ಲಿ, ಮತ್ತು ಅವುಗಳನ್ನು ಐವತ್ತರ ಹಂತದಿಂದಲೇ ಪ್ರತಿ ಪೀಳಿಗೆಯಲ್ಲೂ ಬಳಸಬೇಕು. ವಿನಿಮಯವಾದ ತುಂಡು ತುಂಬ ದೊಡ್ಡದಾಗಿದ್ದರೆ ನಿರೋಧಕತೆಯ ಜೊತೆಗೆ ತಡವಾಗಿ ಮಾಗುವುದು, ದಪ್ಪ ಸಿಪ್ಪೆಯಂಥ ಬೇಡದ ಗುಣಗಳೂ ಬರುತ್ತವೆ. ಆಗ ತುಂಡಿನ ಎರಡೂ ಅಂಚುಗಳಲ್ಲಿ ಗುರುತು ಇಟ್ಟುಕೊಂಡು, ಅಂಚು ಮುರಿದ ಗಿಡಗಳನ್ನು ಆರಿಸಬೇಕು.

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ತಳಿಯು ಈ ಇಡೀ ಹಾದಿಯನ್ನು ದಾಟಿ ಬಂದ ಉದಾಹರಣೆ. 1960ರ ದಶಕದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಸ್ಮಾರ್ಟ್ ಮತ್ತು ಗ್ರೆಗೊರಿ ಕಾರ್ಡೆನಾಸಿಯೊಡನೆ ಮಾಡಿದ ಸಂಕರಣದ ವಂಶದಲ್ಲಿ ಬಂದ ಸಿಎಸ್-16 ಎಂಬ ಸಾಲನ್ನು ಕೆಆರ್‌ಜಿ-1 ತಳಿಯೊಡನೆ ಸಂಕರಿಸಿ ಅದನ್ನು ಪಡೆದರು. ತುಕ್ಕು ಮತ್ತು ಎಲೆಚುಕ್ಕೆ ನಿರೋಧಕತೆಯ ಮುಖ್ಯ ಪಾಲು ಎ02 ಮತ್ತು ಎ03 ವರ್ಣತಂತುಗಳ ಮೇಲಿನ ಕಾಡು ತುಂಡುಗಳಲ್ಲಿದೆ. ಜಿಪಿಬಿಡಿ-4ನ್ನೇ ದಾನಿಯಾಗಿಟ್ಟು, ಗುರುತುಗಳ ನೆರವಿನಿಂದ, ಟಿಎಜಿ-24 ಮತ್ತು ಜೆಎಲ್-24ರಂಥ ಜನಪ್ರಿಯ ತಳಿಗಳಿಗೆ ಈ ತುಂಡುಗಳನ್ನು ದಾಟಿಸಿದ್ದಾರೆ. ಹೊಸ ಕಾಡು ಸಂಕರದ ಸಾಲುಗಳನ್ನು ರೋಗದ ತಾಕಿನಲ್ಲಿ ಪರೀಕ್ಷಿಸುವವರು ಜಿಪಿಬಿಡಿ-4ನ್ನು ನಿರೋಧಕ ಹೋಲಿಕೆಯಾಗಿ, ಟಿಎಂವಿ-2ರಂಥ ರೋಗಕ್ಕೆ ತುತ್ತಾಗುವ ತಳಿಯನ್ನು ಇನ್ನೊಂದು ಬದಿಯ ಹೋಲಿಕೆಯಾಗಿ ಬಿತ್ತಿಕೊಳ್ಳಬೇಕು. ಟಿಎಂವಿ-2ರ ಎಲೆಯೇ ಸ್ವಚ್ಛವಾಗಿದ್ದರೆ ಆ ಋತುವಿನಲ್ಲಿ ರೋಗದ ಒತ್ತಡ ಸಾಲದೆಂದು ಬರೆದು, ನಿರೋಧಕತೆಯ ಅಂಕಣವನ್ನು ಖಾಲಿ ಬಿಟ್ಟು, ಅದೇ ಬೀಜವನ್ನು ಮುಂದಿನ ಮುಂಗಾರಿಗೆ ಮತ್ತೆ ಬಿತ್ತಬೇಕು.